ಜುಬೈದಾಳ ಕ್ಯಾಮೆರಾ ಗ್ಲೈಡರ್ ಏರಿದ್ದು

ಹೆಂಡತಿಗೆ ಬಂದ ಉಡುಗೊರೆಯನ್ನು ಗಂಡನಾದವನು ಅವಳಿಗೆ ತಿಳಿಸದೆ ತೆಗೆದುಕೊಂಡರೆ ಅದನ್ನು ಕಳ್ಳತನ ಎನ್ನಬಹುದೇ? ಈ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಸೀರೆಯಾದರೆ ಪ್ರಶ್ನೆಯೇ ಏಳುವುದಿಲ್ಲ. ಅತ್ತರಿನ ಬಾಟಲಿಯಾದರೆ ಎರಡು ಹನಿ ಕಿವಿಯ ಹಿಂದೆ ಹಚ್ಚಿಕೊಂಡು ಮಸೀದಿಗೆ ಹೋಗಿಬರಬಹುದು, ಆದರೆ ನಾವು ಮನೆ ತಲುಪುವ ಮೊದಲೇ ಅದರ ವಾಸನೆ ಮನೆ ತಲುಪಿ ಚಾಡಿ ಹೇಳಿರುತ್ತದೆ. ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ಕ್ಯಾಮೆರಾವನ್ನು, ಅದೂ ಅವಳು ಕರ್ಚೀಫಿನಲ್ಲಿ ಸುತ್ತಿ ಕಪಾಟಿನೊಳಗೆ ಬಳೆಗಳ ಹಿಂದೆ ಇಟ್ಟದ್ದನ್ನು, ಮೆಲ್ಲಗೆ ತೆಗೆದು ಥರ್ಮಕೋಲಿನ ವಿಮಾನಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಗುಡ್ಡದ ಮೇಲಿನಿಂದ ಎಸೆಯುವುದಕ್ಕೆ ಏನೆನ್ನಬೇಕು? ನನ್ನ ಸ್ನೇಹಿತರಾದ ವಸಂತ ಮಾಷ್ಟ್ರನ್ನು ಕೇಳಿದೆ. ಅವರು ಹೈಸ್ಕೂಲಿನ ವಿಜ್ಞಾನ ಮಾಷ್ಟ್ರು. ಒಂದು ನಿಮಿಷವೂ ಯೋಚಿಸದೆ, ವಿಜ್ಞಾನದಲ್ಲಿ ಅದನ್ನು ಪ್ರಯೋಗ ಎನ್ನುತ್ತಾರೆ ಎಂದರು. ನನ್ನ ಮನಸ್ಸು ಹಗುರವಾಯಿತು. ಮನಸ್ಸು ಹಗುರ ಮಾಡಿಸಿಕೊಳ್ಳಬೇಕಾದರೆ ಪ್ರಶ್ನೆಯನ್ನು ಯಾರಲ್ಲಿ ಕೇಳಬೇಕೆಂದು ಗೊತ್ತಿರಬೇಕು.

ನಾನು ಮೂಡುಬಿದಿರೆಯಲ್ಲಿ ವಾಚ್ ರಿಪೇರಿ ಮಾಡುವವನು. ಹೆಸರು ಹಮೀದ್, ಊರಿನವರ ಬಾಯಲ್ಲಿ ವಾಚ್ ಹಮೀದಾಕ. ಒಂದು ಕಾಲದಲ್ಲಿ ನನ್ನ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ಜನ ಮಣಿಗಂಟು ಚಾಚಿಕೊಂಡು ನಿಲ್ಲುತ್ತಿದ್ದರು. ಆಮೇಲೆ ಮೊಬೈಲ್ ಬಂತು. ಗಂಟೆ ಎಷ್ಟಾಯಿತೆಂದು ಕೇಳಿದರೆ ಜನ ಕೈ ನೋಡುವುದನ್ನು ಬಿಟ್ಟು ಕಿಸೆಗೆ ಕೈ ಹಾಕತೊಡಗಿದರು. ಹೀಗೆ ಊರಿನವರೆಲ್ಲರ ಸಮಯ ಸರಿ ಮಾಡುತ್ತಿದ್ದ ನನಗೆ ನನ್ನದೇ ಸಮಯ ಧಾರಾಳವಾಗಿ ಉಳಿಯಿತು. ಎರಡು ಸಾವಿರದ ಎಂಟು-ಒಂಬತ್ತರ ಸುಮಾರಿನ ಮಾತಿದು. ಅಂಥ ಒಂದು ಮಧ್ಯಾಹ್ನ ವಸಂತ ಮಾಷ್ಟ್ರು ನನ್ನ ಅಂಗಡಿಗೆ ಬಂದು, ಬೆಂಕಿಪೊಟ್ಟಣದ ಅರ್ಧದಷ್ಟಿರುವ ಒಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಒಳಗಿನ ಹಲ್ಲುಚಕ್ರ ಮುರಿದಿದೆ, ಸರಿಮಾಡಲಿಕ್ಕೆ ಆಗ್ತದಾ ಎಂದು ಕೇಳಿದರು. ಯಾವ ಕಂಪೆನಿಯ ವಾಚ್ ಎಂದು ನಾನು ಕೇಳಿದೆ. ವಾಚಲ್ಲ, ವಿಮಾನದ ಬಾಲ ಅಲ್ಲಾಡಿಸುವ ಮೋಟಾರು ಎಂದರು.

ಇಪ್ಪತ್ತೆಂಟು ವರ್ಷ ಬೇರೆಯವರ ಗಡಿಯಾರದ ಹೊಟ್ಟೆ ನೋಡಿದ ನನಗೆ ವಿಮಾನದ ಒಂದು ಅಂಗ ರಿಪೇರಿಗೆ ಬಂದದ್ದು ಅದೇ ಮೊದಲು. ಒಂದು ಹಳೆಯ ಟೈಂಪೀಸಿನ ಚಕ್ರವನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸಿಕೊಟ್ಟೆ. ಮಾಷ್ಟ್ರಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಭಾನುವಾರವೇ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾರಾವಿ ರಸ್ತೆಯ ಒಂದು ಪದವಿಗೆ ಕರೆದುಕೊಂಡು ಹೋದರು. ಪದವು ಎಂದರೆ ನಮ್ಮ ಕಡೆಯ ಕೆಂಪು ಮುರಕಲ್ಲಿನ ಬಯಲು. ಮರವಿಲ್ಲ, ಮನೆಯಿಲ್ಲ, ಅಂಚಿಗೆ ಹೋದರೆ ನೆಲ ಒಮ್ಮೆಲೇ ಕೆಳಗಿಳಿಯುತ್ತದೆ. ಮಧ್ಯಾಹ್ನದ ನಂತರ ಸಮುದ್ರದ ಕಡೆಯಿಂದ ಬರುವ ಗಾಳಿ ಆ ಇಳಿಜಾರಿಗೆ ಬಡಿದು ಮೇಲಕ್ಕೆ ಏರುತ್ತದೆ. ಆ ಏರುವ ಗಾಳಿಯ ಮೇಲೆ ಮಾಷ್ಟ್ರು ತಮ್ಮ ವಿಮಾನವನ್ನು ಬಿಟ್ಟರು. ಅದಕ್ಕೆ ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಸದ್ದು ಮೊದಲೇ ಇಲ್ಲ. ಅದಕ್ಕೆ ಗ್ಲೈಡರ್ ಎನ್ನುತ್ತಾರಂತೆ. ಕೈ ಎರಡೂ ಅಗಲಿಸಿದಷ್ಟು ಉದ್ದದ ರೆಕ್ಕೆ, ಒಳಗೆ ಬಿದಿರಿನ ಕಡ್ಡಿ, ಮೇಲೆ ಕಂದು ಟೇಪು. ಮಾಷ್ಟ್ರು ಕುತ್ತಿಗೆಗೆ ನೇತುಹಾಕಿದ ರೇಡಿಯೋ ಪೆಟ್ಟಿಗೆಯ ಕಡ್ಡಿಯನ್ನು ಒಂದಿಷ್ಟು ಸರಿಸಿದರೆ ಸಾಕು, ಅಲ್ಲಿ ಮೇಲೆ ಅದು ನಿಧಾನವಾಗಿ ತಿರುಗುತ್ತಿತ್ತು, ನಾನು ಕೂರಿಸಿದ ಟೈಂಪೀಸಿನ ಚಕ್ರದ ಬಲದಿಂದ. ನನ್ನ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದದ್ದೆಂದು ಮಾಷ್ಟ್ರಿಗೆ ಹೇಳಿದೆ.

ಒಂದೇ ತೊಂದರೆ ಎಂದರೆ ಗಿಡುಗಗಳದ್ದು. ಮಾಷ್ಟ್ರು ಆ ಥರ್ಮಕೋಲನ್ನು ತಂದದ್ದು ಬಂಟ್ವಾಳದ ಮೀನು ಮಾರ್ಕೆಟಿನಿಂದ. ಐಸ್ ಹಾಕಿ ಬಂಗುಡೆ ತುಂಬಿಸುವ ಪೆಟ್ಟಿಗೆಗಳು. ಎಷ್ಟು ತೊಳೆದರೂ ರೆಕ್ಕೆಯಿಂದ ಬಂಗುಡೆ ಬಿಟ್ಟುಹೋಗಿರಲಿಲ್ಲ. ಹಾಗಾಗಿ ನಮ್ಮ ವಿಮಾನ ಏರಿದ ಐದೇ ನಿಮಿಷಕ್ಕೆ ಮೂರು ನಾಲ್ಕು ಗಿಡುಗಗಳು ಬಹಳ ಆಶೆಯಿಂದ ಹಿಂದೆ ಹಾರುತ್ತಿದ್ದವು. ಅವುಗಳಿಗೆ ನಮ್ಮ ಮೇಲೆ ಸಿಟ್ಟು ಬಂದಿರಬೇಕು. ಇಷ್ಟು ದೊಡ್ಡ ಮೀನು ಇಷ್ಟು ಎತ್ತರದಲ್ಲಿ ಸಿಕ್ಕಿಯೂ ತಿನ್ನಲಿಕ್ಕಾಗದೆ ಹೋದರೆ ಯಾರಿಗಾದರೂ ಬರುತ್ತದೆ.

ಹೀಗಿರುವಾಗ ಶಾರ್ಜಾದಿಂದ ನನ್ನ ಭಾವಮೈದ ಶರೀಫ್ ಎರಡು ತಿಂಗಳ ರಜೆಯಲ್ಲಿ ಬಂದ. ಶರೀಫ್ ಎಂದರೆ ನನ್ನ ಹೆಂಡತಿ ಜುಬೈದಾಳ ತಮ್ಮ. ಅವರ ಮನೆ ಚಾರ್ಮಾಡಿಯಲ್ಲಿ, ಘಾಟಿ ರಸ್ತೆ ಏರಲು ಸುರುವಾಗುವ ಜಾಗದಿಂದ ಸ್ವಲ್ಪ ಒಳಗೆ. ಅಕ್ಕನಿಗೆಂದು ಅವನು ತಂದದ್ದೇ ಆ ಹೆಬ್ಬೆರಳು ಕ್ಯಾಮೆರಾ. ಬೀಗದ ಕೈಗೊಂಚಲಿಗೆ ಹಾಕುವಂಥದ್ದು, ಗುಂಡಿ ಒತ್ತಿದರೆ ಒಂದು ಗಂಟೆಯಷ್ಟು ಚಿತ್ರವನ್ನೂ ಮಾತನ್ನೂ ಹಿಡಿಯುತ್ತದೆ. ಜುಬೈದಾ ಅದರಲ್ಲಿ ಬೆಕ್ಕನ್ನು, ತೆಂಗಿನಮರವನ್ನು, ನಾನು ಊಟವಾದ ಮೇಲೆ ತೂಕಡಿಸುವುದನ್ನು ಹಿಡಿದಳು. ಆಮೇಲೆ ತವರಿಗೆ ಹೋದಾಗ ತನ್ನ ಉಮ್ಮ, ಅಂದರೆ ನನ್ನ ಅತ್ತೆ, ಶರೀಫನ ಮಗಳನ್ನು ಮಲಗಿಸುತ್ತ ಹೇಳುವ ಬ್ಯಾರಿ ಭಾಷೆಯ ಜೋಗುಳವನ್ನು ಹಿಡಿದಳು. ಹಿಡಿದು ಕರ್ಚೀಫಿನಲ್ಲಿ ಸುತ್ತಿ ಬಳೆಗಳ ಹಿಂದೆ ಇಟ್ಟಳು. ಅಲ್ಲಿಂದ ಮುಂದಿನದ್ದು ಪ್ರಯೋಗ.

ಪ್ರಯೋಗ ಸುಲಭದ್ದಾಗಿರಲಿಲ್ಲ. ಮೊದಲು ಒಂದು ರೆಕ್ಕೆಯ ಕೆಳಗೆ ಕಟ್ಟಿದೆವು. ವಿಮಾನ ಆ ಬದಿಗೇ ವಾಲಿ ಗಿರಗಿರನೆ ಸುತ್ತಿ ಪೊದೆಗೆ ಬಿತ್ತು. ಬಾಲದ ಹತ್ತಿರ ಕಟ್ಟಿದರೆ ಮೂತಿ ಎತ್ತಿ, ನಿಂತು, ಯೋಚಿಸಿ, ಹಿಮ್ಮುಖವಾಗಿ ಇಳಿಯಿತು. ಮೂತಿಗೆ ಕಟ್ಟಿದರೆ ಎಸೆದ ಕೂಡಲೇ ನೆಲ ನೋಡಿಕೊಂಡು ಹೋಯಿತು. ಮಾಷ್ಟ್ರು ಪುಸ್ತಕ ತೆಗೆದು ಗುರುತ್ವಕೇಂದ್ರದ ಪಾಠ ಸುರುಮಾಡಿದರು. ನನಗೆ ಪುಸ್ತಕದ್ದು ಗೊತ್ತಿಲ್ಲ, ವಾಚಿನದ್ದು ಗೊತ್ತು. ವಾಚಿನೊಳಗೆ ಒಂದು ಹೊಸ ವಸ್ತು ಹೋಗಬೇಕಾದರೆ ಹಳೆಯದೊಂದು ಹೊರಗೆ ಬರಬೇಕು. ತೂಕ ಸರಿಯಿರಲೆಂದು ಮಾಷ್ಟ್ರು ಮೂತಿಯ ಒಳಗೆ ಮೀನುಬಲೆಯ ಸೀಸದ ಗುಂಡುಗಳನ್ನು ಮೊದಲೇ ಇಟ್ಟಿದ್ದರು. ಅವುಗಳನ್ನು ತೆಗೆದು ಅಷ್ಟೇ ಭಾರದ ಕ್ಯಾಮೆರಾವನ್ನು ಆ ಜಾಗದಲ್ಲಿ ಕೂರಿಸುವ ಎಂದೆ. ಮಾಷ್ಟ್ರು ಪುಸ್ತಕ ಮುಚ್ಚಿದರು. ನನ್ನ ಜೀವನದಲ್ಲಿ ಒಬ್ಬ ಮಾಷ್ಟ್ರು ನನ್ನ ಮಾತು ಕೇಳಿ ಪುಸ್ತಕ ಮುಚ್ಚಿದ್ದು ಅದೊಂದೇ ಸಲ. ಶಾಲೆಯಲ್ಲಿದ್ದಾಗ ಪುಸ್ತಕ ಮುಚ್ಚಿದ್ದೆಲ್ಲ ನಾನೇ.

ಆ ದಿನ ಗ್ಲೈಡರ್ ಹತ್ತು ನಿಮಿಷ ಹಾರಿ ಹುಲ್ಲಿನ ಮೇಲೆ ಬೆಕ್ಕಿನ ಹಾಗೆ ಇಳಿಯಿತು. ಕ್ಯಾಮೆರಾ ತೆಗೆದುಕೊಂಡು ಇಬ್ಬರೂ ನನ್ನ ಮನೆಗೆ ಓಡಿದೆವು. ಮಗ ಕಾಲೇಜಿನ ಓದಿಗೆಂದು ಹಟಮಾಡಿ ತೆಗೆಸಿದ ಕಂಪ್ಯೂಟರ್ ಜಗಲಿಯ ಕೋಣೆಯಲ್ಲಿತ್ತು. ಹಾಕಿ ನೋಡಿದರೆ ಚಿತ್ರ ಬಂದಿದೆ, ಆದರೆ ತಲೆಕೆಳಗಾಗಿ. ಗುಂಡಿ ಕೈಗೆ ಸಿಗಲೆಂದು ಕ್ಯಾಮೆರಾವನ್ನು ನಾವು ಮಗುಚಿ ಕೂರಿಸಿದ್ದೆವು. ಪದವು ಮೇಲೆ, ಆಕಾಶ ಕೆಳಗೆ, ನಾನು ಮತ್ತು ಮಾಷ್ಟ್ರು ಬಾವಲಿಗಳ ಹಾಗೆ ನೆಲಕ್ಕೆ ನೇತಾಡಿಕೊಂಡು. ಅದನ್ನು ಕಂಪ್ಯೂಟರಿನಲ್ಲಿ ತಿರುಗಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಗ ಬರುವವರೆಗೆ ಕಾಯುವಷ್ಟು ತಾಳ್ಮೆಯೂ ಇರಲಿಲ್ಲ. ಕಡೆಗೆ ಇಬ್ಬರೂ ಬೆಂಚಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಅಂಚಿನಿಂದ ಕೆಳಗೆ ಜೋತುಬಿಟ್ಟು ನೋಡತೊಡಗಿದೆವು. ಚಿತ್ರ ಸರಿಯಾಯಿತು. ಆಹಾ, ನಮ್ಮ ಊರು! ಗದ್ದೆಗಳು ಹೊಲಿದ ಚಾಪೆಯ ಹಾಗೆ, ರಸ್ತೆ ಯಾರೋ ಬಿಸಾಡಿದ ನೂಲಿನ ಹಾಗೆ, ದೂರದಲ್ಲಿ ಬಸದಿಯ ಇಳಿಜಾರು ಮಾಡು.

ಆ ಹೊತ್ತಿಗೆ ಜುಬೈದಾ ಚಹಾ ತೆಗೆದುಕೊಂಡು ಬಂದಳು. ತಲೆ ನರೆತ ಇಬ್ಬರು ಗಂಡಸರು ಬೆಂಚಿನಿಂದ ತಲೆ ಜೋತುಬಿಟ್ಟು, ಮುಖ ಕೆಂಪಾಗಿ, ನಗುತ್ತಿರುವುದನ್ನು ಕಂಡಳು. ಚಹಾ ಕೆಳಗಿಟ್ಟು, ತಾನೂ ಕುತ್ತಿಗೆ ವಾಲಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, “ಈ ಕ್ಯಾಮೆರಾ ನನ್ನದಲ್ವಾ?” ಎಂದಳು.

ಮಾಷ್ಟ್ರು ಎದ್ದು ಕೂತು ಚಹಾ ಕುಡಿಯತೊಡಗಿದರು. ಪ್ರಯೋಗ ಎಂಬ ಶಬ್ದವನ್ನು ಅವರೀಗ ಹೇಳಬಹುದೆಂದು ಕಾದೆ. ಹೇಳಲಿಲ್ಲ. ನಾನು ಹೌದೆಂದೆ. ಅವಳು ಇನ್ನಷ್ಟು ಹೊತ್ತು ಪರದೆಯನ್ನೇ ನೋಡಿ, ನಾನು ಯಾವ ಕಾಲಕ್ಕೂ ಊಹಿಸದ ಒಂದು ಪ್ರಶ್ನೆ ಕೇಳಿದಳು.

“ಇದು ಚಾರ್ಮಾಡಿಯಲ್ಲಿಯೂ ಹಾರ್ತದಾ?”

ಕಳ್ಳನನ್ನು ಪೊಲೀಸರಿಗೆ ಕೊಡದೆ ಕೆಲಸಕ್ಕೆ ಇಟ್ಟುಕೊಳ್ಳುವುದು ಎಂದರೆ ಇದೇ. ಆ ದಿನದಿಂದ ಪ್ರಯೋಗದ ಯಜಮಾನಿಕೆ ಜುಬೈದಾಳದ್ದಾಯಿತು. ಶರೀಫನ ರಜೆ ಮುಗಿಯಲು ಹತ್ತು ದಿನ ಉಳಿದಿತ್ತು. ಬುಧವಾರ ಅವನ ವಿಮಾನ, ಇನ್ನು ಮೂರು ವರ್ಷ ಬರುವ ಹಾಗಿಲ್ಲ. ಅದಕ್ಕೆ ಮೊದಲಿನ ಭಾನುವಾರ ಎಲ್ಲರೂ ತವರಿನಲ್ಲಿ ಸೇರುವುದು, ಮನೆಯನ್ನೂ ಮನೆಯವರನ್ನೂ ಮೇಲಿನಿಂದ ಹಿಡಿಯುವುದು, ಅದನ್ನು ಶರೀಫ್ ಶಾರ್ಜಾಕ್ಕೆ ಒಯ್ಯುವುದು ಎಂದು ತೀರ್ಮಾನವಾಯಿತು. ಶುಕ್ರವಾರ ಅವಳು ಕ್ಯಾಮೆರಾವನ್ನು ತಾನಾಗಿಯೇ ನನ್ನ ಕೈಗೆ ಕೊಟ್ಟು, ಅದರಲ್ಲಿರುವ ಉಮ್ಮನ ಜೋಗುಳವನ್ನು ಮೊದಲು ಕಂಪ್ಯೂಟರಿಗೆ ಹಾಕಿಡಿ ಎಂದಳು. ಹಾಕ್ತೇನೆ ಎಂದೆ. ನಮ್ಮ ಕಡೆಯ ಕನ್ನಡದಲ್ಲಿ ‘ಹಾಕ್ತೇನೆ’ ಎಂಬ ಕ್ರಿಯಾಪದಕ್ಕೆ ಗಡುವು ಇಲ್ಲ.

ಭಾನುವಾರ ಚಾರ್ಮಾಡಿಯಲ್ಲಿ ನಲವತ್ತು ಜನ ಸೇರಿದ್ದರು. ಮನೆಯ ಹಿಂದಿನ ಕೊಯ್ದ ಗದ್ದೆಯಲ್ಲಿ ಎಲ್ಲರೂ ಬಿಡಿಬಿಡಿಯಾಗಿ ನಿಲ್ಲಬೇಕೆಂದು ಜುಬೈದಾ ಅಪ್ಪಣೆ ಮಾಡಿದಳು. ಮೇಲಿನಿಂದ ಬಟ್ಟೆ ಕಾಣುವುದಿಲ್ಲ, ತಲೆ ಮಾತ್ರ ಕಾಣುವುದು ಎಂದು ಮಾಷ್ಟ್ರು ಸತ್ಯ ಹೇಳಿದ್ದರಿಂದ ಹೊಸ ಸೀರೆ ಉಟ್ಟವರಿಗೆಲ್ಲ ಬೇಸರವಾಯಿತು. ನೆತ್ತಿ ಬೋಳಾಗುತ್ತಿದ್ದ ಶರೀಫ್ ಸದ್ದಿಲ್ಲದೆ ಒಳಗೆ ಹೋಗಿ ಟೊಪ್ಪಿ ಹಾಕಿಕೊಂಡು ಬಂದ. ನಡುವೆ ಒಂದು ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದರು. ನಾನು ಮತ್ತು ಮಾಷ್ಟ್ರು ಗ್ಲೈಡರನ್ನು ಹೊತ್ತು ಮನೆಯ ಎದುರಿನ ಮುಳಿಹುಲ್ಲಿನ ಗುಡ್ಡ ಹತ್ತಿದೆವು.

ಮೇಲೆ ತಲುಪಿದ ಕೂಡಲೇ ನಾನು ಕ್ಯಾಮೆರಾದ ಗುಂಡಿ ಒತ್ತಿಬಿಟ್ಟೆ. ಹಿಂದೆ ಎರಡು ಸಲ ಒತ್ತಲು ಮರೆತು ಬರಿದೇ ಹಾರಿಸಿದ್ದೆ, ಆ ಹೆದರಿಕೆ. ಆದರೆ ಗಾಳಿ ಬಂದಿರಲಿಲ್ಲ. ಗ್ಲೈಡರನ್ನು ಹುಲ್ಲಿನ ಮೇಲಿಟ್ಟು ಅದರ ಪಕ್ಕದಲ್ಲಿ ಕೂತು, ಗಾಳಿಗೆ ಕಾಯುತ್ತ ಕಾಲು ಗಂಟೆ ಅದೂ ಇದೂ ಮಾತಾಡಿದೆವು. ಆಮೇಲೆ ಹುಲ್ಲು ಬಾಗಿತು. ಮಾಷ್ಟ್ರು ಪೆಟ್ಟಿಗೆ ಹಿಡಿದರು, ನಾನು ಎಸೆದೆ.

ಅಷ್ಟು ಚೆಂದದ ಗಾಳಿಯನ್ನು ನಾವು ಪದವಿನಲ್ಲಿ ಕಂಡದ್ದಿಲ್ಲ. ಗ್ಲೈಡರ್ ನೇರ ಮನೆಯ ಮೇಲೆ ಹೋಯಿತು. ಕೆಳಗಿನಿಂದ ನಲವತ್ತು ಜನರ ಕೂಗು ಗುಡ್ಡಕ್ಕೆ ಕೇಳಿತು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಮಾಷ್ಟ್ರು, ಗಾಳಿ ಜೋರಾಗ್ತಾ ಉಂಟು, ಇನ್ನು ಇಳಿಸುವ ಎಂದರು. ನಾನು ಅವರ ಮಾತು ಕೇಳಬಹುದಿತ್ತು. ಅತ್ತೆಯ ಕುರ್ಚಿ ಸರಿಯಾಗಿ ಸಿಕ್ಕಿದೆಯೋ ಇಲ್ಲವೋ, ಇನ್ನೊಂದೇ ಒಂದು ಸುತ್ತು ಎಂದೆ. ಆ ಸುತ್ತಿನಲ್ಲಿ ಗ್ಲೈಡರ್ ಮನೆಯ ಮೇಲಿನಿಂದ ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಏರಿತು. ಮಾಷ್ಟ್ರು ಕಡ್ಡಿಯನ್ನು ಎಷ್ಟು ಒತ್ತಿದರೂ ಅದು ಮೂತಿ ತಿರುಗಿಸಲಿಲ್ಲ. ಪಶ್ಚಿಮದ ಗಾಳಿಯೆಲ್ಲ ಘಟ್ಟದ ಗೋಡೆಗೆ ಹೋಗಿ ಏರುವ ಜಾಗ ಅದು. ಗಿಡುಗದಷ್ಟಾಯಿತು, ಗುಬ್ಬಿಯಷ್ಟಾಯಿತು, ನೊಣದಷ್ಟಾಯಿತು. ಆಮೇಲೆ ಘಟ್ಟ ಮಾತ್ರ ಇತ್ತು.

ಕೆಳಗಿಳಿದು ಬರುವಾಗ ಎಲ್ಲರೂ ಇನ್ನೂ ಕೈ ಬೀಸುತ್ತಿದ್ದರು. ವಿಷಯ ತಿಳಿದ ಮೇಲೆ ಶರೀಫ್, ಹೋಗಲಿ ಬಿಡಿ ಭಾವ, ಕ್ಯಾಮೆರಾ ಇನ್ನೊಂದು ತರ್ತೇನೆ ಎಂದ. ಜುಬೈದಾ ನನ್ನನ್ನು ಬದಿಗೆ ಕರೆದು ಒಂದೇ ಮಾತು ಕೇಳಿದಳು.

“ಉಮ್ಮನ ಜೋಗುಳ ಕಂಪ್ಯೂಟರಿಗೆ ಹಾಕಿದ್ದೀರಲ್ಲ?”

ನಾನು ಘಟ್ಟದ ಕಡೆ ನೋಡಿದೆ. ಅವಳಿಗೆ ಗೊತ್ತಾಯಿತು. ಬೈದಿದ್ದರೆ ನನಗೆ ಆ ದಿನದ ಬಿರಿಯಾನಿ ಗಂಟಲಲ್ಲಿ ಇಳಿಯುತ್ತಿತ್ತು. ಅವಳು ಬೈಯಲಿಲ್ಲ. ಉಮ್ಮನಿಗೆ ಈಗ ಹಾಡುವಷ್ಟು ಉಸಿರಿಲ್ಲ, ಆ ದಿನ ಹೇಗೋ ಪೂರ್ತಿ ಹೇಳಿದರು, ಇನ್ನೊಮ್ಮೆ ಹಾಗೆ ಆಗುವುದಿಲ್ಲ ಎಂದು ಹೇಳಿ ಅಡಿಗೆಮನೆಗೆ ಹೋದಳು.

ಸೋಮವಾರ ಅಂಗಡಿ ತೆರೆಯಲಿಲ್ಲ, ಮಾಷ್ಟ್ರು ಶಾಲೆಗೆ ರಜೆ ಹಾಕಿದರು. ಇಬ್ಬರೂ ಮೃತ್ಯುಂಜಯ ಹೊಳೆಯ ಬದಿ ಹಿಡಿದು, ಗುಡ್ಡ ಹತ್ತಿ ಇಳಿದು, ಕಂಡ ಕಂಡ ಮನೆಯ ಅಂಗಳದಲ್ಲಿ ನಿಂತು ಕೇಳಿದೆವು. ಏನೆಂದು ಕೇಳುವುದು ಎಂಬುದೇ ದೊಡ್ಡ ಕಷ್ಟ. ಕಳೆದುಹೋದದ್ದು ದನವಾದರೆ ಬಣ್ಣ ಹೇಳಬಹುದು. ಈ ಕಡೆ ಒಂದು ವಿಮಾನ ಬಂತಾ ಎಂದು ಒಬ್ಬ ಅಜ್ಜನಲ್ಲಿ ಕೇಳಿದೆ. ದಿನಾ ಹೋಗ್ತದಲ್ಲ ಎಂದರು. ಅದಲ್ಲ, ಇದು ಸಣ್ಣದು ಎಂದೆ. ಇಲ್ಲಿಂದ ನೋಡುವಾಗ ಎಲ್ಲವೂ ಸಣ್ಣದೇ ಮಗಾ ಎಂದು ಆ ಅಜ್ಜ ನನಗೆ ಸಮಾಧಾನ ಹೇಳಿದರು. ಒಂದು ಮನೆಯಲ್ಲಿ ಮಾಷ್ಟ್ರು ತಮ್ಮ ಜಾಣ್ಮೆ ತೋರಿಸಿ, ಬಿಳಿ ಬಣ್ಣದ್ದು, ರೆಕ್ಕೆ ಇರುವಂಥದ್ದು, ಮೀನಿನ ವಾಸನೆ ಬರುವಂಥದ್ದು ಎಂದು ವರ್ಣಿಸಿದರು. ಮನೆಯವರು ಹೊಳೆಯ ಕಡೆಗೆ ಕೈ ತೋರಿಸಿ, ಅಲ್ಲಿ ತುಂಬ ಉಂಟು, ಕೊಕ್ಕರೆಗಳು ಎಂದರು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನಾನು ಆಸೆ ಬಿಟ್ಟಿದ್ದೆ. ಒಂದು ರಬ್ಬರ್ ತೋಟದ ನಡುವಿನ ಮನೆಗೆ ನೀರು ಕೇಳಲು ಹೋದೆವು. ತಿಮ್ಮಪ್ಪ ಗೌಡರೆಂದು ಮನೆಯ ಯಜಮಾನರು, ಅರುವತ್ತರ ಹತ್ತಿರದವರು. ಬೆಲ್ಲ ನೀರು ಕೊಟ್ಟು, ಎಲ್ಲಿಂದ, ಏನು ವಿಷಯ ಎಂದು ನಿಧಾನವಾಗಿ ವಿಚಾರಿಸಿದರು. ನಾವು ಹೇಳಿ ಮುಗಿಸುವವರೆಗೂ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಆಮೇಲೆ ಎದ್ದು ಅಟ್ಟದಿಂದ ನಮ್ಮ ಗ್ಲೈಡರನ್ನು ಇಳಿಸಿದರು. ಒಂದು ರೆಕ್ಕೆ ಮುರಿದಿತ್ತು. ಮೂತಿಯಲ್ಲಿ ಕ್ಯಾಮೆರಾ ಹಾಗೆಯೇ ಇತ್ತು.

“ಹುಡುಕಿಕೊಂಡು ಬರ್ತಾರೆ ಅಂತ ಗೊತ್ತಿತ್ತು ಮಾರಾಯ್ರೆ,” ಎಂದರು ಗೌಡರು. “ಇಷ್ಟು ನಾಜೂಕು ಕೆಲಸ ಮಾಡಿದವ ಸುಮ್ಮನೆ ಕೂರುವುದಿಲ್ಲ.”

ನನಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಂಡೆ. ಅವರಿಗೆ ಒಂದೇ ಒಂದು ಆಸೆ. ಇದಕ್ಕೆ ಕಣ್ಣು ಇರುವುದನ್ನು ಅವರು ನೋಡಿದ್ದರು. ಆ ಕಣ್ಣು ಏನು ಕಂಡಿದೆ ಎಂದು ತಾವೂ ನೋಡಬಹುದೋ ಎಂದರು. ಅಂಗಿ ಬದಲಾಯಿಸಿ ನಮ್ಮೊಟ್ಟಿಗೆ ಹೊರಟರು.

ಹೀಗೆ ಶರೀಫ್ ಹೊರಡುವ ಹಿಂದಿನ ಸಂಜೆ ಅತ್ತೆಯ ಮನೆಯ ಚಾವಡಿಯಲ್ಲಿ ಎಲ್ಲರೂ ಸೇರಿದರು. ಶರೀಫ್ ತನ್ನ ಲ್ಯಾಪ್‌ಟಾಪನ್ನು ಎತ್ತರದ ಸ್ಟೂಲಿನ ಮೇಲಿಟ್ಟ. ಹಿಂದೆ ಕೂತವರಿಗೆ ಕೇಳುವುದಿಲ್ಲವೆಂದು ಎರಡು ಸ್ಪೀಕರ್ ಜೋಡಿಸಿದ. ಮೊದಲು ಜೋಗುಳ. ಅತ್ತೆಯ ಸ್ವರ ಬಂದಾಗ ಜುಬೈದಾ ನನ್ನ ಕಡೆ ತಿರುಗಿ ನೋಡಿದಳು. ನಲವತ್ತೆಂಟು ಗಂಟೆಗಳ ನಂತರ ನನಗೆ ಉಸಿರಾಡಲು ಪರವಾನಗಿ ಸಿಕ್ಕಿತು. ಆಮೇಲೆ ಭಾನುವಾರದ ಚಿತ್ರ.

ಪರದೆಯ ಮೇಲೆ ಮುಳಿಹುಲ್ಲು ಕಾಣಿಸಿತು, ತುಂಬ ದೊಡ್ಡದಾಗಿ. ಒಂದು ಇರುವೆ ಹೋಯಿತು. ಸ್ಪೀಕರಿನಲ್ಲಿ ನನ್ನ ಸ್ವರ ಕೇಳಿತು. ಆಗ ನನಗೆ ನೆನಪಾಯಿತು. ಗುಂಡಿ ಒತ್ತಿದ್ದು ಯಾವಾಗ, ಗ್ಲೈಡರ್ ಎಸೆದದ್ದು ಯಾವಾಗ, ನಡುವೆ ಕಾಲು ಗಂಟೆ ನಾನು ಮಾತಾಡಿದ್ದು ಏನು. ಇದೆಲ್ಲ ಬೇಡ, ಮುಂದಕ್ಕೆ ಓಡಿಸು ಎಂದು ಶರೀಫನಿಗೆ ಹೇಳಿದೆ. ನನ್ನ ಅವಸರ ಕಂಡೇ ಅವನಿಗೆ ಸಂಶಯ ಬಂದಿರಬೇಕು. ಶರೀಫ್ ಕೈ ಕಟ್ಟಿ ಕೂತ.

ಪರದೆಯ ಒಳಗಿನ ನಾನು ಬಹಳ ಆರಾಮದಲ್ಲಿ ಮಾತಾಡುತ್ತಿದ್ದೆ. ಹೆಂಡತಿಯ ತವರಿನಲ್ಲಿ ಅಳಿಯನಿಗೆ ಮರ್ಯಾದೆ ಇರುವುದು ಮೊದಲ ನಲವತ್ತು ದಿನ ಮಾತ್ರ ಎಂದು ಮಾಷ್ಟ್ರಿಗೆ ವಿವರಿಸುತ್ತಿದ್ದೆ. ಶರೀಫ್ ಪ್ರತಿ ಸಲ ನನಗೆ ತರುವುದು ಒಂದು ಕಂಬಳಿ, ಹುಲಿಯ ಚಿತ್ರದ್ದು, ಮನೆಯಲ್ಲೀಗ ಐದು ಹುಲಿಗಳಿವೆ, ಮೂಡುಬಿದಿರೆಯ ಸೆಕೆಗೆ ಒಂದೇ ಒಂದನ್ನು ಹೊದೆದರೂ ಬೆಂದುಹೋಗುತ್ತೇನೆ ಎಂದೆ. ಚಾವಡಿಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ನಾನು ಅತ್ತೆಯ ವಿಷಯಕ್ಕೆ ಬಂದೆ. “ಇಪ್ಪತ್ತೆರಡು ವರ್ಷ ಆಯ್ತು ಮಾಷ್ಟ್ರೇ, ನಾನು ಚಪ್ಪಲಿ ಬಿಡುವ ಮೊದಲೇ ಕೇಳ್ತಾರೆ, ಯಾವಾಗ ಹೋಗುವುದು ಅಂತ.”

ನಲವತ್ತು ತಲೆಗಳು ಅತ್ತೆಯ ಕಡೆ ತಿರುಗಿದವು. ನಾನು ಗೌಡರ ಬೆನ್ನ ಹಿಂದೆ ಸರಿದೆ. ಪರದೆಯ ಮೇಲೆ ಇನ್ನೊಂದು ಇರುವೆ ಹೋಯಿತು. ಮಾಷ್ಟ್ರ ಸ್ವರ ಕೇಳಿತು: ಇಷ್ಟೆಲ್ಲ ಬೇಸರ ಇರುವವರು ಮತ್ತೆ ಇಷ್ಟು ಕಷ್ಟಪಟ್ಟು ಇಲ್ಲಿಗೆ ಇದನ್ನು ಹೊತ್ತುಕೊಂಡು ಬಂದದ್ದು ಯಾಕೆ? ಅದಕ್ಕೆ ನಾನು ಏನು ಹೇಳಿದೆನೆಂದು ನನಗೇ ಮರೆತುಹೋಗಿತ್ತು.

“ಅವಳು ಮದುವೆಯಾಗಿ ಬಂದ ವರ್ಷ,” ಎಂದಿತು ನನ್ನ ಸ್ವರ, “ಮಳೆ ಬಿಟ್ಟ ದಿನಗಳಲ್ಲಿ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದಳು. ಅಲ್ಲಿಂದ ಘಟ್ಟ ನೀಲಿಯಾಗಿ ಕಾಣ್ತದೆ. ಅದರ ಅಡಿಯಲ್ಲಿ ನನ್ನ ಮನೆ ಅಂತ ನನ್ನನ್ನು ಕರೆಯುತ್ತಿದ್ದಳು. ನಾನು ವಾಚಿನಿಂದ ತಲೆ ಎತ್ತಿದ್ದೇ ಇಲ್ಲ ಮಾಷ್ಟ್ರೇ. ಈಗ ಎತ್ತುವ ಅಂತ ಕಂಡಿತು.”

ಜುಬೈದಾ ಚಹಾ ಇಟ್ಟಿದ್ದೇನೆಂದು ಎದ್ದು ಒಳಗೆ ಹೋದಳು. ಒಲೆಯ ಮೇಲೆ ಚಹಾ ಇರಲಿಲ್ಲ, ಅದನ್ನು ಆಗಷ್ಟೇ ಎಲ್ಲರೂ ಕುಡಿದಿದ್ದೆವು. ಅತ್ತೆ ನನ್ನನ್ನು ಗೌಡರ ಬೆನ್ನ ಹಿಂದಿನಿಂದ ಈಚೆಗೆ ಕರೆದರು. ಹೋದೆ. “ಯಾವಾಗ ಹೋಗುವುದು ಅಂತ ಕೇಳುವುದು, ಕೋಳಿ ಕೊಯ್ಯಲಿಕ್ಕೆ ಸಮಯ ಉಂಟಾ ಅಂತ ನೋಡ್ಲಿಕ್ಕೆ,” ಎಂದರು. “ನೀನು ಪ್ರತಿ ಸಲ ಈಗಲೇ ಹೋಗ್ಬೇಕು ಅಂತ ಹೇಳ್ತಿ. ನಾನು ಮೊಟ್ಟೆ ಮಾಡ್ತೇನೆ.” ಇಪ್ಪತ್ತೆರಡು ವರ್ಷ ತಿಂದ ಮೊಟ್ಟೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಎಲ್ಲವೂ ಕೋಳಿಯಾಗಬಹುದಾಗಿದ್ದವು.

ಅಷ್ಟರಲ್ಲಿ ಪರದೆಯ ಹುಲ್ಲು ಕೆಳಗೆ ಬಿದ್ದುಹೋಯಿತು. ಆಕಾಶ ಬಂತು. ಈ ಸಲ ಕ್ಯಾಮೆರಾ ನೆಟ್ಟಗಿತ್ತು. ಮನೆಯ ಹೆಂಚು, ಬಾವಿಕಟ್ಟೆ, ಗದ್ದೆಯಲ್ಲಿ ನಲವತ್ತು ಚುಕ್ಕೆಗಳು, ನಡುವೆ ಕುರ್ಚಿ. ಅದೋ ನಾನು, ಇದೋ ನೀನು ಎಂದು ಚಾವಡಿಯಲ್ಲಿ ಗದ್ದಲವೆದ್ದಿತು. ಅತ್ತೆ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಗ್ಲೈಡರ್ ಬೆನ್ನು ಹಾಕಿ ಹೋಗುವಾಗಲೂ ಬೀಸುತ್ತಿದ್ದರೆಂದು ಮುಂದಿನ ಸುತ್ತಿನಲ್ಲಿ ಗೊತ್ತಾಯಿತು. ಆಮೇಲೆ ಮನೆ ಸಣ್ಣದಾಯಿತು, ಹೊಳೆ ಕಂಡಿತು, ಘಾಟಿಯ ರಸ್ತೆ ಹಾವಿನ ಹಾಗೆ ಕಂಡಿತು, ಘಟ್ಟದ ಗೋಡೆ ಇಡೀ ಪರದೆ ತುಂಬಿಕೊಂಡು ಹತ್ತಿರ ಬಂತು. ಜುಬೈದಾ ಯಾವಾಗಲೋ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಕೊನೆಗೆ ಎಲೆ, ಕೊಂಬೆ, ಒಂದು ದೊಡ್ಡ ಸದ್ದು. ಆಮೇಲೆ ಪರದೆಯ ತುಂಬ ತಿಮ್ಮಪ್ಪ ಗೌಡರ ಮೂಗು. ಕ್ಯಾಮೆರಾ ಆಗಲೂ ಓಡುತ್ತಿತ್ತು. ಅದನ್ನು ಅಂಗಳದಲ್ಲೇ ಬಿಡಿ, ಒಳಗೆ ತರಬೇಡಿ, ಏನು ಅಂತ ಯಾರಿಗೆ ಗೊತ್ತು ಎಂದು ಅವರ ಹೆಂಡತಿ ಹೇಳುವುದು ಕೇಳಿತು. ಎಂಥದೂ ಆಗುವುದಿಲ್ಲ, ನಾನು ಇಲ್ಲವಾ ಎಂದರು ಗೌಡರು. ನೀವು ಇರುವುದಕ್ಕೇ ಹೆದರಿಕೆ, ಹೋದ ವರ್ಷ ಹೆಬ್ಬಾವಿನ ಮರಿಯನ್ನೂ ಹೀಗೆಯೇ ತಂದದ್ದು ಎಂದಿತು ಹೆಂಡತಿಯ ಸ್ವರ. ಚಾವಡಿಯಲ್ಲಿ ನಗು ಒಡೆಯಿತು. ಗೌಡರು ಕಿವಿಯವರೆಗೆ ಕೆಂಪಾಗಿ, ಈಗ ತಾವು ನನ್ನ ಬೆನ್ನ ಹಿಂದೆ ಸರಿದರು. ಇಬ್ಬರು ಗಂಡಸರು ಅಷ್ಟು ಬೇಗ ಸ್ನೇಹಿತರಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅತ್ತೆ ಆ ದಿನ ಅವರನ್ನು ಊಟ ಮಾಡಿಸದೆ ಬಿಡಲಿಲ್ಲ.

ಶರೀಫ್ ಬುಧವಾರ ಹೋದ. ವಾರ ಕಳೆದು ಫೋನ್ ಮಾಡಿದ. ಅವನ ಕೋಣೆಯಲ್ಲಿ ನಮ್ಮ ಕಡೆಯ ಏಳೆಂಟು ಜನ ಇದ್ದಾರೆ, ಎಲ್ಲರೂ ದಿನಾ ಕೆಲಸದಿಂದ ಬಂದು ನೋಡುತ್ತಾರಂತೆ. ನನಗೆ ಹೆಮ್ಮೆಯಾಯಿತು. ಘಟ್ಟ ಚೆನ್ನಾಗಿ ಬಂದಿದೆಯಲ್ಲ ಎಂದೆ. ಘಟ್ಟದವರೆಗೆ ಯಾರೂ ಹೋಗುವುದೇ ಇಲ್ಲ ಭಾವ, ಆ ಇರುವೆಯ ಭಾಗವನ್ನೇ ತಿರುಗಿ ತಿರುಗಿ ಹಾಕಿಸುತ್ತಾರೆ ಎಂದ.

ಆ ಅವಮಾನದ ನಂತರ ನಾನು ಮೂರು ದಿನ ಕೂತು, ಒಂದು ಹಳೆಯ ವಾಚಿನ ಸ್ಪ್ರಿಂಗಿನಿಂದ ಒಂದು ಉಪಾಯ ಮಾಡಿದೆ. ಗ್ಲೈಡರ್ ಕೈಬಿಟ್ಟ ಕ್ಷಣದಲ್ಲಿ ಒಂದು ನೂಲು ಎಳೆದು ಕ್ಯಾಮೆರಾದ ಗುಂಡಿ ತಾನಾಗಿ ಒತ್ತಲ್ಪಡುತ್ತದೆ, ಅದಕ್ಕೆ ಮೊದಲು ಒಂದಕ್ಷರವೂ ದಾಖಲಾಗುವುದಿಲ್ಲ. ನನ್ನ ಕೈಯಿಂದ ಇಷ್ಟು ಒಳ್ಳೆಯ ಕೆಲಸ ಹಿಂದೆಂದೂ ಬಂದದ್ದಿಲ್ಲ ಎಂದು ಮಾಷ್ಟ್ರು ಹೊಗಳಿದರು. ಜುಬೈದಾಳಿಗೆ ತೋರಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಅಂಗೈಯಲ್ಲೇ ವಾಪಸಿಟ್ಟಳು.

“ಇದು ಬೇಡ,” ಎಂದಳು. “ಮೊದಲಿನ ಹಾಗೆಯೇ ಇರಲಿ. ಮನೆಯಲ್ಲಿ ನೀವು ಅಷ್ಟೊಂದು ಮಾತಾಡುವುದಿಲ್ಲ.”

ಕ್ಯಾಮೆರಾ ಅವಳದ್ದು, ಅಪ್ಪಣೆ ಅವಳದ್ದು. ಹಾಗಾಗಿ ಈಗಲೂ ಗುಡ್ಡ ಹತ್ತಿದ ಕೂಡಲೇ ಗುಂಡಿ ಒತ್ತುತ್ತೇವೆ. ಗಾಳಿ ಬರುವವರೆಗೆ ಮಾಷ್ಟ್ರು ಮೋಡ ನೋಡುತ್ತ ಕೂರುತ್ತಾರೆ. ನಾನು ಗ್ಲೈಡರಿನ ಮೂತಿಯ ಹತ್ತಿರ ಸ್ವಲ್ಪ ಬಾಗಿ ಕೂತು, ಅತ್ತೆಯವರ ಗುಣಗಳನ್ನು ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಗಟ್ಟಿಯಾಗಿಯೇ.